ಡಾರ್ವಿನ್ ದಿನಕ್ಕೆ ನಾಲ್ಕೇ ಗಂಟೆ ಕೆಲಸ ಮಾಡುತ್ತಿದ್ದರಾ? ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಕಾಯಿಲೆಯ ಕಥೆ

ಯಶಸ್ವಿ ವ್ಯಕ್ತಿಗಳ ದಿನಚರಿ ಎಂಬ ಹೆಸರಿನ ಫಾರ್ವರ್ಡ್‌ಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಒಬ್ಬರು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದರು, ಇನ್ನೊಬ್ಬರು ತಣ್ಣೀರು ಸ್ನಾನ ಮಾಡುತ್ತಿದ್ದರು ಎಂದೆಲ್ಲ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಆಗಾಗ ಕಾಣುವ ಹೆಸರು ಚಾರ್ಲ್ಸ್ ಡಾರ್ವಿನ್. ಅವರು ದಿನಕ್ಕೆ ನಾಲ್ಕೇ ಗಂಟೆ ಕೆಲಸ ಮಾಡಿ, ಉಳಿದ ಹೊತ್ತು ವಾಕಿಂಗ್ ಮಾಡುತ್ತ, ಕಾದಂಬರಿ ಕೇಳುತ್ತ, ಮಧ್ಯಾಹ್ನ ಮಲಗಿಕೊಂಡು ಜಗತ್ತಿನ ಯೋಚನೆಯನ್ನೇ ಬದಲಿಸಿದರಂತೆ. ಕೊನೆಗೆ ನಮಗೊಂದು ಉಪದೇಶ: ಕಡಿಮೆ ಕೆಲಸ ಮಾಡಿ, ಜಾಣತನದಿಂದ ಮಾಡಿ.

ಇದರಲ್ಲಿ ಸುಳ್ಳೆಷ್ಟು, ನಿಜವೆಷ್ಟು? ಗಂಟೆಗಳ ಲೆಕ್ಕ ಬಹುಮಟ್ಟಿಗೆ ಸರಿ. ಆದರೆ ಯಾಕೆ ನಾಲ್ಕೇ ಗಂಟೆ ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಡಾರ್ವಿನ್ ಅದನ್ನು ಉಪಾಯವಾಗಿ ಆರಿಸಿಕೊಂಡಿರಲಿಲ್ಲ. ಸುಮಾರು ನಲವತ್ತು ವರ್ಷ ಅವರು ಕಾಯಿಲೆಯ ಮನುಷ್ಯ. ದೇಹ ಕೊಟ್ಟಿದ್ದೇ ಅಷ್ಟು ಹೊತ್ತು. ಎಷ್ಟೋ ದಿನ ಅದನ್ನೂ ಕೊಡುತ್ತಿರಲಿಲ್ಲ.

ಥೈರಾಯ್ಡ್, ಮೈಗ್ರೇನ್, ಸಂಧಿವಾತ, ಕರುಳಿನ ತೊಂದರೆ ಎಂದು ವರ್ಷಗಟ್ಟಲೆ ಕಾಯಿಲೆಯೊಂದಿಗೆ ಬದುಕುವವರು ನಮ್ಮ ಓದುಗರಲ್ಲಿ ಬಹಳ ಜನ ಇದ್ದೀರಿ. ಜನವರಿಯಲ್ಲಿ ಚಂದದ ಪ್ಲಾನರ್ ಕೊಂಡು, ಫೆಬ್ರವರಿಯಲ್ಲಿ ನಾಲ್ಕು ದಿನ ಮಲಗಿ, ಆಮೇಲೆ ಆ ಖಾಲಿ ಪುಟಗಳನ್ನು ನೋಡಲು ಬೇಸರವಾಗಿ ಅದನ್ನು ಕಪಾಟಿನಲ್ಲಿಟ್ಟವರೂ ಇದ್ದೀರಿ. ನಮ್ಮ ಕಪಾಟಿನಲ್ಲೂ ಅಂಥ ಮೂರು ಪ್ಲಾನರ್ ಇವೆ. ಹಾಗಾಗಿ ಡಾರ್ವಿನ್ ಬದುಕನ್ನು ಈ ಸಲ ಮಂಗಗಳ ಕಡೆಯಿಂದ ನೋಡುವುದು ಬೇಡ, ಅವರ ಕಾಗದಗಳ ಕಡೆಯಿಂದ ನೋಡೋಣ.

ಹಡಗು ಹತ್ತಿದ ಹುಡುಗ

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ರಾಬರ್ಟ್ ಹೆಸರುವಾಸಿ ವೈದ್ಯರು. ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಮಗನೂ ಡಾಕ್ಟರಾಗಲಿ ಎಂದು ತಂದೆ ಎಡಿನ್‌ಬರೋಗೆ ಕಳಿಸಿದರು. ಅರಿವಳಿಕೆ ಇಲ್ಲದ ಆ ಕಾಲದ ಶಸ್ತ್ರಚಿಕಿತ್ಸೆ ನೋಡಲಾಗದೆ ಹುಡುಗ ಹೊರಗೆ ಓಡಿಬಂದ. ಆಮೇಲೆ ಪಾದ್ರಿಯಾಗಲಿ ಎಂದು ಕೇಂಬ್ರಿಡ್ಜ್‌ಗೆ ಸೇರಿಸಿದರು. ಅಲ್ಲಿ ಓದಿಗಿಂತ ಜೀರುಂಡೆ ಹಿಡಿಯುವುದೇ ಹೆಚ್ಚಾಯಿತು.

1831ರ ಡಿಸೆಂಬರ್ 27ರಂದು ಬೀಗಲ್ ಎಂಬ ಹಡಗಿನಲ್ಲಿ ಹೊರಟು 1836ರ ಅಕ್ಟೋಬರ್‌ನಲ್ಲಿ ವಾಪಸು ಬಂದರು. ಹೊರಡುವ ಮುಂಚೆಯೇ ಎದೆ ಡವಗುಟ್ಟುತ್ತಿತ್ತು. ವೈದ್ಯರಿಗೆ ಹೇಳಿದರೆ ಪ್ರಯಾಣ ತಪ್ಪುತ್ತದೆಂದು ಸುಮ್ಮನಿದ್ದರು. ಸಮುದ್ರದಲ್ಲಿ ವಾಂತಿ ಬಿಡಲಿಲ್ಲ. 1834ರಲ್ಲಿ ಚಿಲಿ ದೇಶದ ವಾಲ್ಪರೈಸೊದಲ್ಲಿ ಜ್ವರ ಬಂದು ಸುಮಾರು ಒಂದು ತಿಂಗಳು ಹಾಸಿಗೆ ಹಿಡಿದರು. ಆದರೂ ಒಟ್ಟಿನಲ್ಲಿ ಅವರು ಆಗ ಗಟ್ಟಿ ಆಳು. ಬೆಟ್ಟ ಹತ್ತುತ್ತಿದ್ದರು, ದಿನಗಟ್ಟಲೆ ಕುದುರೆ ಸವಾರಿ ಮಾಡುತ್ತಿದ್ದರು.

ಕಾಗದದ ಅಭ್ಯಾಸ ಶುರುವಾದದ್ದು ಅಲ್ಲೇ. ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ. ಕಂಡದ್ದನ್ನು ಕಂಡ ಜಾಗದಲ್ಲೇ ಗೀಚುವುದು. ರಾತ್ರಿ ಹಡಗಿಗೆ ಬಂದ ಮೇಲೆ ಅದನ್ನು ವಿಸ್ತರಿಸಿ ದೊಡ್ಡ ಹಾಳೆಗಳಲ್ಲಿ ಬರೆಯುವುದು. ನೆನಪನ್ನು ನಂಬಬಾರದು ಎಂಬ ಪಾಠವನ್ನು ಅವರು ಇಪ್ಪತ್ತರ ಹರೆಯದಲ್ಲೇ ಕಲಿತರು.

ಕಾಯಿಲೆ ಬಂತು, ಹೋಗಲಿಲ್ಲ

ಊರಿಗೆ ಬಂದ ಒಂದು ವರ್ಷದೊಳಗೆ ತೊಂದರೆ ಶುರುವಾಯಿತು. ಹೊಟ್ಟೆನೋವು, ವಾಂತಿ, ವಿಪರೀತ ಗ್ಯಾಸ್, ತಲೆನೋವು, ಎದೆ ಡವಗುಟ್ಟುವುದು, ಕೈ ನಡುಗುವುದು, ಎಕ್ಸಿಮಾ, ಕುರು, ಜೊತೆಗೆ ಏನೂ ಮಾಡಲಾಗದ ಸುಸ್ತು. ಎಲ್ಲವೂ ಒಟ್ಟಿಗೆ ಬರುತ್ತಿರಲಿಲ್ಲ. ಒಂದು ವಾರ ಚೆನ್ನಾಗಿರುತ್ತಿತ್ತು, ಮುಂದಿನ ವಾರ ಮಲಗಿಸುತ್ತಿತ್ತು. ಸ್ನೇಹಿತರು ಮನೆಗೆ ಬಂದು ಒಂದು ಸಂಜೆ ಖುಷಿಯಾಗಿ ಮಾತಾಡಿದರೂ ಸಾಕು, ರಾತ್ರಿಯಿಡೀ ವಾಂತಿ. ದೀರ್ಘ ಕಾಯಿಲೆ ಇರುವವರಿಗೆ ಈ ಮಾತು ಅರ್ಥವಾಗುತ್ತದೆ. ನೋವಿಗಿಂತ ಹೆಚ್ಚು ಕಾಡುವುದು ನಾಳೆ ಹೇಗಿರುತ್ತೇನೋ ಗೊತ್ತಿಲ್ಲದಿರುವುದು.

ಇದೇ ಹೊತ್ತಿಗೆ ತಲೆಯಲ್ಲಿ ದೊಡ್ಡ ವಿಚಾರ ಮೊಳೆತಿತ್ತು. 1837ರಲ್ಲಿ ಒಂದು ಪುಟ್ಟ ನೋಟ್‌ಬುಕ್ ತೆರೆದು, ಜೀವಿಗಳು ಬದಲಾಗುತ್ತವೆಯೇ ಎಂಬ ಪ್ರಶ್ನೆಗೆ ಸಂಬಂಧಿಸಿದ್ದನ್ನೆಲ್ಲ ಅದರಲ್ಲಿ ಬರೆಯತೊಡಗಿದರು. ಜೀವಿಗಳೆಲ್ಲ ಒಂದೇ ಮರದ ಕವಲುಗಳು ಎಂದು ತೋರಿಸುವ ಗೀಚುಚಿತ್ರ ಇರುವುದು ಅದರಲ್ಲೇ. (ಆ ನೋಟ್‌ಬುಕ್ ಮತ್ತು ಅದರ ಜೊತೆಗಿನ ಇನ್ನೊಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಣೆಯಾಗಿದ್ದವು. 2022ರ ಮಾರ್ಚ್‌ನಲ್ಲಿ ಯಾರೋ ಗುಲಾಬಿ ಬಣ್ಣದ ಗಿಫ್ಟ್ ಚೀಲದಲ್ಲಿ ಹಾಕಿ ಅಲ್ಲೇ ಇಟ್ಟುಹೋದರು.)

1838ರ ಆಗಸ್ಟ್‌ನಲ್ಲಿ ಇನ್ನೊಂದು ಸಣ್ಣ ಪುಸ್ತಕ ಶುರುವಾಯಿತು. ಇದು ದಿನಚರಿಯಲ್ಲ, ಕೆಲಸದ ಲೆಕ್ಕ. ಯಾವ ಕೆಲಸ ಎಂದು ಶುರುವಾಯಿತು, ಎಂದು ಮುಗಿಯಿತು, ಎಲ್ಲಿಗೆ ಹೋದೆ, ಕಾಯಿಲೆಯಿಂದ ಎಷ್ಟು ಕಾಲ ಹೋಯಿತು, ಇಷ್ಟೇ. 1881ರವರೆಗೆ, ಅಂದರೆ ನಲವತ್ತಕ್ಕೂ ಹೆಚ್ಚು ವರ್ಷ ಇದನ್ನು ಬಿಡದೆ ಬರೆದರು.

ಇಲ್ಲೊಂದು ವಿಷಯ ಗಮನಿಸಿ. ನಾವು ಪ್ಲಾನರ್‌ನಲ್ಲಿ ಮಾಡಬೇಕಾದ್ದನ್ನು ಮಾತ್ರ ಬರೆಯುತ್ತೇವೆ. ಮಲಗಿದ ದಿನ ಪುಟ ಖಾಲಿ ಇರುತ್ತದೆ, ಆ ಖಾಲಿ ಪುಟ ಸೋಮಾರಿತನದ ಸಾಕ್ಷಿಯಂತೆ ಕಾಣುತ್ತದೆ. ಡಾರ್ವಿನ್ ಮಲಗಿದ ದಿನಗಳಿಗೂ ಲೆಕ್ಕದಲ್ಲಿ ಜಾಗ ಕೊಟ್ಟರು. ಹೋದ ಸಮಯ ಎಲ್ಲಿಗೆ ಹೋಯಿತು ಎಂಬುದು ಬರವಣಿಗೆಯಲ್ಲಿತ್ತು.

ಅದೇ 1838ರಲ್ಲಿ ಮದುವೆಯಾಗಬೇಕೋ ಬೇಡವೋ ಎಂಬುದನ್ನೂ ಎರಡು ಕಾಲಂ ಮಾಡಿ ಲಾಭ ನಷ್ಟ ಬರೆದು ತೀರ್ಮಾನಿಸಿದ್ದರು. 1839ರ ಜನವರಿ 29ರಂದು ಎಮ್ಮಾ ವೆಜ್‌ವುಡ್ ಅವರೊಂದಿಗೆ ಮದುವೆಯಾಯಿತು.

ನಾನಿಲ್ಲದಿದ್ದರೆ ಇದನ್ನು ಹೀಗೆ ಮಾಡು

1842ರಲ್ಲಿ ಕುಟುಂಬ ಲಂಡನ್ ಬಿಟ್ಟು, ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಡೌನ್ ಎಂಬ ಹಳ್ಳಿಗೆ ಬಂತು. ಉಳಿದ ನಲವತ್ತು ವರ್ಷ ಅವರ ಮನೆ, ಲ್ಯಾಬ್, ಆಸ್ಪತ್ರೆ ಎಲ್ಲವೂ ಅದೇ ಡೌನ್ ಹೌಸ್.

1844ರ ಹೊತ್ತಿಗೆ ನೈಸರ್ಗಿಕ ಆಯ್ಕೆಯ ಸಿದ್ಧಾಂತವನ್ನು ದೊಡ್ಡ ಪ್ರಬಂಧವಾಗಿ ಬರೆದಿದ್ದರು. ಪ್ರಕಟಿಸಲು ಇನ್ನೂ ಧೈರ್ಯವಿರಲಿಲ್ಲ, ಸಾಕ್ಷ್ಯವೂ ಸಾಲದು ಅನಿಸಿತ್ತು. ಆದರೆ ತಾನು ಅಷ್ಟರಲ್ಲಿ ಸತ್ತರೆ? ಆಗ ಅವರಿಗೆ 35 ವರ್ಷ. ಜುಲೈನಲ್ಲಿ ಹೆಂಡತಿಗೆ ಒಂದು ಪತ್ರ ಬರೆದಿಟ್ಟರು. ತಾನು ಹೋದರೆ ಈ ಪ್ರಬಂಧವನ್ನು ಪ್ರಕಟಿಸಲು 400 ಪೌಂಡ್ ತೆಗೆದಿಡಬೇಕು, ಯೋಗ್ಯರೊಬ್ಬರನ್ನು ಸಂಪಾದಕರಾಗಿ ಹಿಡಿಯಬೇಕು, ಕಂದು ಕಾಗದದ ಎಂಟು ಹತ್ತು ಫೈಲುಗಳಲ್ಲಿರುವ ಚೀಟಿಗಳನ್ನು ಅವರಿಗೆ ಕೊಡಬೇಕು ಎಂದು ವಿವರವಾಗಿ ತಿಳಿಸಿದರು.

ಇದನ್ನು ಬರೀ ಭಯ ಎಂದುಕೊಳ್ಳಬೇಡಿ. ಬ್ಯಾಂಕ್ ಖಾತೆ, ಇನ್ಶೂರೆನ್ಸ್, ಮಾತ್ರೆಗಳ ವಿವರ ಮನೆಯವರಿಗೆ ತಿಳಿಯುವ ಹಾಗೆ ಒಂದು ಹಾಳೆಯಲ್ಲಿ ಬರೆದಿಡುವುದನ್ನು ನಾವು ಅಪಶಕುನ ಎಂದು ಮುಂದೂಡುತ್ತೇವೆ. ಡಾರ್ವಿನ್ ಬರೆದಿಟ್ಟು, ಆಮೇಲೆ 38 ವರ್ಷ ಬದುಕಿದರು.

ಎರಡು ಅಡ್ಡಗೆರೆಯ ದಿನಗಳು

1848ರಲ್ಲಿ ತಂದೆ ತೀರಿಕೊಂಡರು. ಡಾರ್ವಿನ್ ಎಷ್ಟು ಅಸ್ವಸ್ಥರಾಗಿದ್ದರೆಂದರೆ ಅಂತ್ಯಕ್ರಿಯೆಗೆ ಸಮಯಕ್ಕೆ ತಲುಪಲಾಗಲಿಲ್ಲ. ಮುಂದಿನ ವರ್ಷ ಮನೆಮಂದಿಯನ್ನೆಲ್ಲ ಕರೆದುಕೊಂಡು ಮಾಲ್ವರ್ನ್ ಎಂಬ ಊರಿಗೆ ಹೋದರು. ಅಲ್ಲಿ ಡಾಕ್ಟರ್ ಜೇಮ್ಸ್ ಗಲ್ಲಿ ಎಂಬವರು ಜಲಚಿಕಿತ್ಸೆ ಮಾಡುತ್ತಿದ್ದರು. ಬೆಳಗ್ಗೆ ಬೇಗ ಎಬ್ಬಿಸಿ ತಣ್ಣೀರಿನ ಒರಟು ಬಟ್ಟೆಯಿಂದ ಮೈ ಉಜ್ಜುವುದು, ಹೊಟ್ಟೆಗೆ ದಿನವಿಡೀ ಒದ್ದೆ ಪಟ್ಟಿ ಕಟ್ಟುವುದು, ದೀಪದ ಶಾಖದಲ್ಲಿ ಬೆವರಿಸಿ ಮತ್ತೆ ತಣ್ಣೀರು ಹಾಕುವುದು. ಸಕ್ಕರೆ, ಬೆಣ್ಣೆ, ಮಸಾಲೆ ಬಂದ್. ಡಾರ್ವಿನ್‌ಗೆ ಸ್ವಲ್ಪ ಗುಣ ಅನಿಸಿತು. ಮನೆಗೆ ಮರಳಿ ಅಂಗಳದಲ್ಲೇ ತಣ್ಣೀರಿನ ಶವರ್ ಗುಡಿಸಲು ಕಟ್ಟಿಸಿದರು. ಆಗ ಅವರಿಗಿದ್ದ ಅನುಮತಿ ದಿನಕ್ಕೆ ಎರಡೂವರೆ ಗಂಟೆ ಕೆಲಸ.

ಅದೇ ವರ್ಷ ಜುಲೈನಲ್ಲಿ ಆರೋಗ್ಯ ದಿನಚರಿ ಶುರುವಾಯಿತು. ಪ್ರತಿದಿನ ಒಂದು ಸಾಲು. ಹಗಲು ಹೇಗಿತ್ತು, ರಾತ್ರಿ ಹೇಗಿತ್ತು, ಗ್ಯಾಸ್ ಎಷ್ಟು ಸಲ ಕಾಡಿತು, ವಾಂತಿಯಾಯಿತೇ, ಯಾವ ನೀರಿನ ಉಪಚಾರ ನಡೆಯಿತು. ಬಹಳ ಚೆನ್ನಾಗಿದ್ದ ದಿನಕ್ಕೆ ಎರಡು ಅಡ್ಡಗೆರೆಯ ಗುರುತು. ಆಮೇಲೆ ಆ ಎರಡು ಗೆರೆಯ ದಿನಗಳನ್ನು ಎಣಿಸಿ ಕೂಡುವುದು. ನಮ್ಮ ಮನೆಗಳಲ್ಲಿ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೆಯುವ ಹಾಗೆ ಅವರು ಒಳ್ಳೆಯ ದಿನಗಳ ಲೆಕ್ಕ ಬರೆದರು.

ಈ ಹಾಳೆಗಳು ಬರೀ ಅವರ ಕಥೆಯನ್ನು ಹೇಳುವುದಿಲ್ಲ. ಹಿರಿಮಗಳು ಆ್ಯನಿ 1850ರಿಂದ ಅಸ್ವಸ್ಥಳಾದಳು. ಅಪ್ಪ ಅವಳ ಹಗಲು ರಾತ್ರಿಗಳನ್ನೂ ಅದೇ ರೀತಿ ಬರೆದಿಟ್ಟರು. 1851ರ ಮಾರ್ಚ್‌ನಲ್ಲಿ ಅವಳನ್ನೂ ಮಾಲ್ವರ್ನ್‌ಗೆ ಕರೆದೊಯ್ದರು. ಎಮ್ಮಾ ತುಂಬು ಗರ್ಭಿಣಿ, ಜೊತೆಗೆ ಹೋಗಲಾಗಲಿಲ್ಲ. ಏಪ್ರಿಲ್ 23ರಂದು ಹತ್ತು ವರ್ಷದ ಆ್ಯನಿ ತೀರಿಕೊಂಡಳು. ಮಗಳ ಹಾಸಿಗೆಯ ಪಕ್ಕದಿಂದ ಅಪ್ಪ ಮನೆಗೆ ದಿನವೂ ಪತ್ರ ಬರೆಯುತ್ತಿದ್ದರು. ಎಷ್ಟೇ ಶಿಸ್ತಾಗಿ ಬರೆದಿಟ್ಟರೂ ಕಾಗದ ಯಾರನ್ನೂ ಉಳಿಸುವುದಿಲ್ಲ ಎಂಬುದು ಅವರಿಗೆ ಅಲ್ಲಿ ಗೊತ್ತಾಗಿರಬೇಕು. ಒಂದು ವಾರದ ನಂತರ ಕುಳಿತು ಆ್ಯನಿ ಹೇಗೆ ನಗುತ್ತಿದ್ದಳು, ಹೇಗೆ ಓಡುತ್ತಿದ್ದಳು ಎಂಬುದನ್ನು ಮರೆಯುವ ಮುಂಚೆ ಬರೆದಿಟ್ಟುಕೊಂಡರು.

ಆರೋಗ್ಯ ದಿನಚರಿ ಐದೂವರೆ ವರ್ಷ ನಡೆದು 1855ರ ಜನವರಿಯಲ್ಲಿ ನಿಂತಿತು. ಅಷ್ಟು ದಿನಗಳ ಮಾಹಿತಿಯಿದ್ದರೂ ಕಾಯಿಲೆಯ ಕಾರಣ ಸಿಗಲಿಲ್ಲ. ಜಗತ್ತಿನ ಅತ್ಯಂತ ಸೂಕ್ಷ್ಮ ವೀಕ್ಷಕರಲ್ಲೊಬ್ಬರು ತಮ್ಮ ದೇಹವನ್ನೇ ನೋಡಿದರೂ ಉತ್ತರ ಸಿಗಲಿಲ್ಲ. ಆ್ಯಪ್‌ನಲ್ಲಿ ಪ್ರತಿದಿನ ಲಕ್ಷಣ ದಾಖಲಿಸಿದರೆ ಕಾಯಿಲೆ ಬಿಟ್ಟುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಹಾಳೆಗಳನ್ನು ನೆನಪಿಸಿಕೊಳ್ಳಿ. ಉಪಯೋಗ ಮುಗಿದಾಗ ಬರೆಯುವುದನ್ನು ನಿಲ್ಲಿಸುವುದೂ ಒಂದು ವಿವೇಕ. ಡಾರ್ವಿನ್ ಆರೋಗ್ಯದ ಲೆಕ್ಕ ನಿಲ್ಲಿಸಿದರು, ಕೆಲಸದ ಲೆಕ್ಕ ಮುಂದುವರಿಸಿದರು.

ಮೂವತ್ತು ನಲವತ್ತು ಫೈಲುಗಳು

ಹಾಗಾದರೆ ಅವರಿಗೆ ನಿಜಕ್ಕೂ ಕೆಲಸಕ್ಕೆ ಬಂದ ವ್ಯವಸ್ಥೆ ಯಾವುದು? ಅದು ತೀರಾ ಸರಳ.

ಓದುವ ಕೋಣೆಯ ಕಪಾಟಿನಲ್ಲಿ ಮೂವತ್ತರಿಂದ ನಲವತ್ತು ದೊಡ್ಡ ಫೈಲುಗಳು, ಪ್ರತಿ ಖಾನೆಗೂ ವಿಷಯದ ಲೇಬಲ್. ಏನಾದರೂ ಹೊಳೆದರೆ, ಯಾರಾದರೂ ಪತ್ರದಲ್ಲಿ ಪಾರಿವಾಳದ ಬಗ್ಗೆ ಏನೋ ಬರೆದರೆ, ಅದನ್ನು ಚೀಟಿಯಲ್ಲಿ ಬರೆದು ಆ ಕ್ಷಣವೇ ಸಂಬಂಧಪಟ್ಟ ಫೈಲಿಗೆ ಹಾಕುವುದು. ನಾಳೆ ಜೋಡಿಸುತ್ತೇನೆ ಎಂಬ ಮಾತಿಲ್ಲ, ಯಾಕೆಂದರೆ ನಾಳೆ ಏಳುತ್ತೇನೋ ಇಲ್ಲವೋ ಗೊತ್ತಿಲ್ಲ.

ಸ್ವಂತ ಪುಸ್ತಕವಾದರೆ ಓದುತ್ತ ಗುರುತು ಮಾಡಿ, ಕೊನೆಯ ಪುಟದಲ್ಲಿ ತನಗೆ ಬೇಕಾದ ವಿಷಯಗಳ ಸೂಚಿ ಬರೆಯುವುದು. ಬೇರೆಯವರ ಪುಸ್ತಕವಾದರೆ ಪ್ರತ್ಯೇಕ ಹಾಳೆಯಲ್ಲಿ ಸಾರಾಂಶ. ಅಂಥ ಸಾರಾಂಶಗಳಿಂದಲೇ ಒಂದು ದೊಡ್ಡ ಡ್ರಾಯರ್ ತುಂಬಿತ್ತು. ಹೊಸ ವಿಷಯ ಬರೆಯಲು ಕೂರುವಾಗ ಈ ಸೂಚಿಗಳನ್ನೆಲ್ಲ ತಿರುವಿ, ಸರಿಯಾದ ಫೈಲನ್ನು ಕೆಳಗಿಳಿಸಿದರೆ ಸಾಕು, ಅಷ್ಟು ವರ್ಷಗಳ ಸಂಗ್ರಹ ಮೇಜಿನ ಮೇಲಿರುತ್ತಿತ್ತು.

ಬರೆಯುವುದೂ ಹಂತ ಹಂತವಾಗಿ. ಮೊದಲು ಎರಡು ಮೂರು ಪುಟದ ಒರಟು ರೂಪರೇಖೆ. ನಂತರ ಅದನ್ನೇ ಇನ್ನಷ್ಟು ಪುಟಗಳಿಗೆ ಹಿಗ್ಗಿಸುವುದು. ಅದರಲ್ಲಿ ಇಡೀ ಒಂದು ಚರ್ಚೆಗೆ ಒಂದೇ ಪದ ನಿಂತಿರುತ್ತಿತ್ತು. ಆ ತಲೆಬರಹಗಳನ್ನು ಹಿಂದೆ ಮುಂದೆ ಮಾಡಿ, ಆಮೇಲೆ ಪೂರ್ತಿ ಬರೆಯುವುದು.

ಚಂದ ಕಾಣಬೇಕೆಂಬ ಆಸೆ ಮಾತ್ರ ಅವರಿಗಿರಲಿಲ್ಲ. ದಪ್ಪ ಪುಸ್ತಕ ಹಿಡಿಯಲು ಭಾರವಾದರೆ ನಡುವೆ ಹರಿದು ಎರಡು ಭಾಗ ಮಾಡುತ್ತಿದ್ದರು. ಹಳೆಯ ಕರಡುಗಳ ಹಿಂಬದಿಯಲ್ಲೇ ಹೊಸದನ್ನು ಬರೆಯುತ್ತಿದ್ದರು. ಉಳಿದ ಹಾಳೆಗಳು ಮಕ್ಕಳ ಪಾಲಿಗೆ. ಅವರ ಮಹಾಗ್ರಂಥದ ಹಸ್ತಪ್ರತಿಯ ಕೆಲವು ಹಾಳೆಗಳು ಇಂದು ಉಳಿದಿರುವುದೇ ಹಿಂಬದಿಯಲ್ಲಿ ಮಕ್ಕಳು ಬರೆದ ಚಿತ್ರಗಳಿಂದಾಗಿ. ಸ್ಟಿಕರ್, ಬಣ್ಣದ ಪೆನ್ನು, ಸಾವಿರ ರೂಪಾಯಿಯ ಪ್ಲಾನರ್ ಇಲ್ಲದೆ ಕೆಲಸವಾಗದು ಅಂದುಕೊಳ್ಳುವವರು ಇದನ್ನು ಓದಿ ಸ್ವಲ್ಪ ಹಗುರಾಗಬಹುದು.

ಈ ವ್ಯವಸ್ಥೆಯ ಗುಟ್ಟು ಒಂದೇ. ನಡುವೆ ಮೂರು ತಿಂಗಳು ಮುಟ್ಟದಿದ್ದರೂ ಅದು ಕೆಡುವುದಿಲ್ಲ. ತಾರೀಖಿನ ಪ್ರಕಾರ ಜೋಡಿಸಿದ ಪ್ಲಾನರ್‌ನಲ್ಲಿ ನೀವು ಮಲಗಿದರೆ ದಿನಗಳು ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತವೆ. ವಿಷಯದ ಪ್ರಕಾರ ಜೋಡಿಸಿದ ಫೈಲು ನೀವು ಏಳುವವರೆಗೂ ಕಾಯುತ್ತದೆ.

ಆ ನಾಲ್ಕು ಗಂಟೆ

ಈಗ ಫಾರ್ವರ್ಡ್‌ನ ಲೆಕ್ಕಕ್ಕೆ ಬರೋಣ. ಮಗ ಫ್ರಾನ್ಸಿಸ್ ಬರೆದಿಟ್ಟಿರುವ ಪ್ರಕಾರ ಅವರ ದಿನ ಹೀಗಿತ್ತು. ಬೆಳಗ್ಗೆ ಸಣ್ಣ ವಾಕ್, ಮುಕ್ಕಾಲು ಎಂಟರ ಹೊತ್ತಿಗೆ ತಿಂಡಿ. 8ರಿಂದ 9.30 ಕೆಲಸ, ಅದೇ ಅವರ ಒಳ್ಳೆಯ ಹೊತ್ತು. ನಂತರ ಸೋಫಾದ ಮೇಲೆ ಮಲಗಿ ಪತ್ರಗಳನ್ನೋ ಕಾದಂಬರಿಯನ್ನೋ ಓದಿಸಿಕೊಂಡು ಕೇಳುವುದು. 10.30ರಿಂದ 12ರವರೆಗೆ ಮತ್ತೆ ಕೆಲಸ. ಆಮೇಲೆ ಮಳೆಯಿರಲಿ ಬಿಸಿಲಿರಲಿ ತೋಟದ ಸುತ್ತಿನ ದಾರಿಯಲ್ಲಿ ನಡಿಗೆ. ಊಟ, ಪತ್ರಿಕೆ, ಪತ್ರಗಳಿಗೆ ಉತ್ತರ. ಮೂರಕ್ಕೆ ವಿಶ್ರಾಂತಿ, ನಾಲ್ಕಕ್ಕೆ ನಡಿಗೆ, 4.30ರಿಂದ 5.30 ಕೆಲಸ. ಕೂಡಿದರೆ ನಾಲ್ಕು ಗಂಟೆ.

ಆದರೆ ಪ್ರತಿ ತುಂಡು ಕೆಲಸದ ನಂತರ ಒಂದು ವಿಶ್ರಾಂತಿ ಇರುವುದನ್ನು ನೋಡಿ. ಸುಸ್ತಾದ ಮೇಲೆ ಮಲಗುವುದಲ್ಲ, ಸುಸ್ತಾಗುವ ಮೊದಲೇ ನಿಲ್ಲಿಸುವುದು. ಇಂದು ದೀರ್ಘ ಸುಸ್ತಿನ ಕಾಯಿಲೆಯವರಿಗೆ ತಜ್ಞರು ಹೇಳುವ ಪೇಸಿಂಗ್ ಎಂಬ ಕ್ರಮವೂ ಇದೇ ದಾರಿಯದು.

ಎಣಿಕೆ ಅವರಿಗೆ ಆಟವೂ ಆಗಿತ್ತು. ನಡಿಗೆಯ ದಾರಿಯಲ್ಲಿ ಕಲ್ಲುಗಳ ಗುಡ್ಡೆ ಇಟ್ಟು, ಒಂದು ಸುತ್ತು ಮುಗಿದಾಗ ಒಂದು ಕಲ್ಲನ್ನು ಕಾಲಿನಿಂದ ಒದೆಯುತ್ತಿದ್ದರು. ಎಷ್ಟು ಸುತ್ತಾಯಿತೆಂದು ತಲೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ, ಯೋಚನೆ ಮುಂದುವರಿಯಬಹುದು. ರಾತ್ರಿ ಎಮ್ಮಾ ಜೊತೆ ಎರಡು ಆಟ ಬ್ಯಾಕ್‌ಗ್ಯಾಮನ್. ಅದರ ಸೋಲು ಗೆಲುವನ್ನೂ ವರ್ಷಗಟ್ಟಲೆ ಬರೆದಿಟ್ಟಿದ್ದರು. 1876ರಲ್ಲಿ ಸ್ನೇಹಿತರೊಬ್ಬರಿಗೆ ಕಳಿಸಿದ ಲೆಕ್ಕದಂತೆ ಅವರು ಗೆದ್ದದ್ದು 2795, ಎಮ್ಮಾ ಗೆದ್ದದ್ದು 2490.

ಕಾಗದ ಕೈಹಿಡಿದ ದಿನ

1846ರಿಂದ 1854ರವರೆಗೆ ಡಾರ್ವಿನ್ ಬಾರ್ನಕಲ್ ಎಂಬ ಜೀವಿಗಳನ್ನು ಅಧ್ಯಯನ ಮಾಡಿದರು. ಕಡಲ ಬಂಡೆಗೆ, ದೋಣಿಯ ತಳಕ್ಕೆ ಅಂಟಿಕೊಳ್ಳುವ ಚಿಪ್ಪುಜೀವಿಗಳಿವು. ಎಂಟು ವರ್ಷಗಳಲ್ಲಿ ಸುಮಾರು ಎರಡು ವರ್ಷ ಕಾಯಿಲೆಗೇ ಹೋಯಿತು ಎಂದು ಅವರೇ ಲೆಕ್ಕ ಹಾಕಿದ್ದಾರೆ. ಆದರೂ ನಾಲ್ಕು ಸಂಪುಟ ಹೊರಬಂದವು.

1858ರ ಜೂನ್ 18ರಂದು ಆಲ್ಫ್ರೆಡ್ ರಸೆಲ್ ವಾಲೇಸ್ ಅವರ ಪತ್ರ ಬಂತು. ಇಂದಿನ ಇಂಡೊನೇಷ್ಯಾದ ಕಡೆಯಿಂದ ಬಂದ ಆ ಬರಹದಲ್ಲಿ ಡಾರ್ವಿನ್ ಇಪ್ಪತ್ತು ವರ್ಷದಿಂದ ಕೂಡಿಟ್ಟ ವಿಚಾರವೇ ಇತ್ತು. ಅದೇ ವಾರಗಳಲ್ಲಿ ಮನೆಯಲ್ಲಿ ಕೊನೆಯ ಮಗು ಚಾರ್ಲ್ಸ್ ಕಾಯಿಲೆ ಬಿದ್ದು ಜೂನ್ 28ರಂದು ತೀರಿಕೊಂಡಿತು. ಡಾರ್ವಿನ್ ಏನನ್ನೂ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಆದರೆ 1844ರ ಪ್ರಬಂಧ ಇತ್ತು. 1857ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದ ಪ್ರತಿ ಇತ್ತು. ಅವನ್ನು ತೆಗೆದುಕೊಟ್ಟರು. ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಡಾರ್ವಿನ್ ಅಲ್ಲಿರಲಿಲ್ಲ. ಮಾತಾಡಲು ಆಗದ ದಿನ ಅವರ ಪರವಾಗಿ ಹಳೆಯ ಕಾಗದಗಳು ಮಾತಾಡಿದವು.

ನಂತರ ಹದಿಮೂರು ತಿಂಗಳ ಕೆಲಸದಲ್ಲಿ, ಆ ಫೈಲುಗಳನ್ನೆಲ್ಲ ಆಧಾರವಾಗಿಟ್ಟುಕೊಂಡು, ಜೀವಸಂಕುಲಗಳ ಉಗಮದ ಪುಸ್ತಕ ಬರೆದರು. 1859ರ ನವೆಂಬರ್ 24ರಂದು ಅದು 1,250 ಪ್ರತಿಗಳಲ್ಲಿ ಹೊರಬಂತು. ಲೇಖಕರು ಆಗ ಎಲ್ಲಿದ್ದರು? ಇಲ್ಕ್‌ಲಿ ಎಂಬ ಊರಿನಲ್ಲಿ, ಮತ್ತೆ ಜಲಚಿಕಿತ್ಸೆಯಲ್ಲಿ.

1863, 64ರಲ್ಲಿ ಕಾಯಿಲೆ ಅತಿಯಾಯಿತು. ತಿಂಗಳುಗಟ್ಟಲೆ ದೊಡ್ಡ ಕೆಲಸ ನಿಂತಿತು. ಆಗ ಕೋಣೆಯೊಳಗೆ ಕುಂಡದಲ್ಲಿಟ್ಟ ಬಳ್ಳಿಗಳ ತುದಿ ಗಂಟೆಗಂಟೆಗೂ ಹೇಗೆ ಸುತ್ತುತ್ತದೆ ಎಂದು ಮಲಗಿದಲ್ಲಿಂದಲೇ ನೋಡಿ ಬರೆದುಕೊಂಡರು. 1865ರಲ್ಲಿ ಹತ್ತುವ ಬಳ್ಳಿಗಳ ಬಗ್ಗೆ ಅವರ ದೀರ್ಘ ಪ್ರಬಂಧ ಬಂತು. ಕೆಟ್ಟ ದಿನಕ್ಕೆ ತಕ್ಕ ಕೆಲಸವೂ ಅವರ ಬಳಿ ಇತ್ತು.

ಅವರಿಗೆ ಇದ್ದ ಕಾಯಿಲೆ ಯಾವುದು?

ಈ ಪ್ರಶ್ನೆಗೂ ಫಾರ್ವರ್ಡ್‌ಗಳಲ್ಲಿ ಖಚಿತ ಉತ್ತರ ಸಿಗುತ್ತದೆ. ದಕ್ಷಿಣ ಅಮೆರಿಕದಲ್ಲಿ ಕಚ್ಚಿದ ಕೀಟದಿಂದ ಬಂದ ಶಾಗಸ್ ಕಾಯಿಲೆ ಎನ್ನುತ್ತಾರೆ ಕೆಲವರು. 1835ರಲ್ಲಿ ಅಂಥ ಕೀಟ ಕಚ್ಚಿದ್ದನ್ನು ಡಾರ್ವಿನ್ ಬರೆದಿರುವುದು ನಿಜ. ಆದರೆ ಎದೆ ಡವಗುಟ್ಟುವುದು ಅದಕ್ಕೂ ಮೊದಲೇ ಇತ್ತು. ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ, ತೀವ್ರ ಆತಂಕದ ಕಾಯಿಲೆ, ಮತ್ತೆ ಮತ್ತೆ ವಾಂತಿಯಾಗುವ ಸಿಂಡ್ರೋಮ್ ಎಂಬ ವಾದಗಳೂ ಇವೆ. ಯಾವುದೂ ಸಾಬೀತಾಗಿಲ್ಲ. ಖಚಿತವಾಗಿ ಒಂದೇ ಹೆಸರು ಹೇಳುವ ಸಂದೇಶ ಬಂದರೆ ಅದನ್ನು ಮುಂದೆ ಕಳಿಸಬೇಡಿ.

ಅವರು ಪ್ರಯತ್ನಿಸದ ಚಿಕಿತ್ಸೆ ಕಡಿಮೆ. ಬೆನ್ನಿಗೆ ಐಸ್ ಚೀಲ, ವಿದ್ಯುತ್ ಹರಿಸುವ ಪಟ್ಟಿ, ಬಿಸ್ಮತ್, ಹೋಮಿಯೋಪತಿ ಎಲ್ಲವೂ ಆಯಿತು. ಅವುಗಳ ನಡುವೆ ಒಂದು ಒಳ್ಳೆಯ ಕೆಲಸ ಮಾಡಿದರು. 1865ರಲ್ಲಿ ಹೊಸ ವೈದ್ಯರನ್ನು ಕಾಣುವಾಗ, ಎಷ್ಟು ವರ್ಷದಿಂದ ಏನಾಗುತ್ತಿದೆ, ಯಾವಾಗ ಹೆಚ್ಚಾಗುತ್ತದೆ ಎಂದು ಚುಟುಕಾಗಿ ಬರೆದುಕೊಟ್ಟರು. ಡಾಕ್ಟರ ಎದುರು ಕೂತಾಗ ಅರ್ಧ ಮರೆತುಹೋಗುವ ನಮಗೆ ಇದು ಇಂದೂ ಉಪಯೋಗವಾಗುತ್ತದೆ. ಒಂದು ಹಾಳೆ ಸಾಕು. ಅದು ಚಿಕಿತ್ಸೆಯಲ್ಲ, ಚಿಕಿತ್ಸೆಗೆ ಸಹಾಯ.

ಕಾಗದದ ಹಿಂದೆ ಇದ್ದವರು

ಇಷ್ಟು ಓದಿ, ಶಿಸ್ತಿದ್ದರೆ ಯಾರು ಬೇಕಾದರೂ ಡಾರ್ವಿನ್ ಆಗಬಹುದು ಎಂದು ನಿಮ್ಮ ಮನೆಯ ಕಾಯಿಲೆಯವರಿಗೆ ದಯವಿಟ್ಟು ಹೇಳಬೇಡಿ. ಡಾರ್ವಿನ್‌ಗೆ ಪಿತ್ರಾರ್ಜಿತ ಆಸ್ತಿ ಇತ್ತು, ಕೆಲಸಕ್ಕೆ ಹೋಗಬೇಕಿರಲಿಲ್ಲ. ಅಡುಗೆಗೆ, ತೋಟಕ್ಕೆ ಆಳುಗಳಿದ್ದರು. ತಣ್ಣೀರಿನ ಉಪಚಾರವನ್ನು ದಿನಾ ಮಾಡಿಸುತ್ತಿದ್ದವರು ಮನೆಯ ಬಟ್ಲರ್ ಜೋಸೆಫ್ ಪಾರ್ಸ್‌ಲೋ. ಓದಲಾಗದ ಕೈಬರಹವನ್ನು ಶುದ್ಧಪ್ರತಿ ಮಾಡುತ್ತಿದ್ದವರು ಊರಿನ ಶಾಲೆಯ ಮೇಷ್ಟ್ರು.

ಎಲ್ಲಕ್ಕಿಂತ ಮೇಲೆ ಎಮ್ಮಾ. ಹತ್ತು ಮಕ್ಕಳನ್ನು ಹೆತ್ತು, ಮೂವರನ್ನು ಕಳೆದುಕೊಂಡು, ಗಂಡನಿಗೆ ಓದಿ ಹೇಳಿ, ಕರಡು ತಿದ್ದಿ, ರಾತ್ರಿ ಪಕ್ಕದಲ್ಲಿ ಕೂತವರು. ಅವರ ಪುಟ್ಟ ಡೈರಿಗಳಲ್ಲೂ ಗಂಡ ಮಕ್ಕಳ ಆರೋಗ್ಯದ ಟಿಪ್ಪಣಿಗಳೇ ತುಂಬಿವೆ. ಆ ನಾಲ್ಕು ಗಂಟೆಯನ್ನು ಸಾಧ್ಯ ಮಾಡಲು ಇತರರು ಎಷ್ಟು ಗಂಟೆ ದುಡಿದರು ಎಂದು ಯಾವ ಫಾರ್ವರ್ಡ್ ಕೂಡ ಎಣಿಸುವುದಿಲ್ಲ.

ಹಾಗಾಗಿ ಇಲ್ಲಿಂದ ನಾವು ತೆಗೆದುಕೊಳ್ಳಬಹುದಾದ್ದು ಸಣ್ಣದು. ಪ್ಲಾನರ್ ಅನ್ನು ಒಳ್ಳೆಯ ದಿನಕ್ಕೆ ಅಲ್ಲ, ಕೆಟ್ಟ ದಿನಕ್ಕೆ ತಕ್ಕಂತೆ ಮಾಡಿಕೊಳ್ಳಿ. ತಾರೀಖು ಮುದ್ರಿಸಿದ ಪುಸ್ತಕಕ್ಕಿಂತ ವಿಷಯಕ್ಕೊಂದು ಕವರ್, ಅದರೊಳಗೆ ಚೀಟಿಗಳು ಸಾಕಾಗಬಹುದು. ಕೆಲಸ ನಿಲ್ಲಿಸುವಾಗ ಮುಂದೇನು ಎಂದು ಒಂದು ಸಾಲು ಬರೆದಿಡಿ. ಹತ್ತು ದಿನ ಮಲಗಿ ಎದ್ದ ನಂತರ ಅದು ನಿಮ್ಮನ್ನು ಅಲ್ಲಿಂದಲೇ ಹೊರಡಿಸುತ್ತದೆ. ಮಲಗಿದ ದಿನವನ್ನೂ ಬರೆಯಿರಿ, ಅದು ತಪ್ಪಲ್ಲ. ಬರೆಯುವುದೇ ಭಾರವಾದರೆ ಬಿಟ್ಟುಬಿಡಿ.

ಕೊನೆಯ ಟಿಪ್ಪಣಿ

ಸಾಯುವಾಗ ಡಾರ್ವಿನ್ ತಮ್ಮ ಸಿದ್ಧಾಂತವನ್ನು ಬಿಟ್ಟುಕೊಟ್ಟರು ಎಂಬ ಕಥೆಯನ್ನೂ ನೀವು ಕೇಳಿರಬಹುದು. ಅವರ ಮಕ್ಕಳೇ ಅದನ್ನು ಸುಳ್ಳೆಂದು ಹೇಳಿದ್ದಾರೆ. ನಿಜವಾಗಿ ನಡೆದದ್ದು ಬೇರೆ.

1882ರ ಏಪ್ರಿಲ್. ಹೃದಯ ಸೋತಿತ್ತು, ಎದೆನೋವು ಪದೇ ಪದೇ ಬರುತ್ತಿತ್ತು. ಏಪ್ರಿಲ್ 17ರಂದು ಸ್ವಲ್ಪ ಚೇತರಿಕೆ ಕಂಡಿತು. ಅಂದು ಮಗ ಫ್ರಾನ್ಸಿಸ್ ಮನೆಯಲ್ಲಿರಲಿಲ್ಲ, ಅವರು ಒಂದು ಪ್ರಯೋಗವನ್ನು ನಡುವೆ ಬಿಟ್ಟುಹೋಗಿದ್ದರು. 73 ವರ್ಷದ ಅಪ್ಪ ಹೋಗಿ ನೋಡಿ, ಮಗನ ಬದಲಿಗೆ ಅಂದಿನ ವಿವರ ಬರೆದಿಟ್ಟರು.

ಏಪ್ರಿಲ್ 19ರಂದು ಅವರು ತೀರಿಕೊಂಡರು. ಮಗ ಬಂದು ನೋಡಿದಾಗ ಪ್ರಯೋಗದ ಲೆಕ್ಕದಲ್ಲಿ ಆ ದಿನ ಖಾಲಿ ಇರಲಿಲ್ಲ.